ತೆಗೆದದ್ದು ಕ್ಯಾಮೆರಾ, ತೋರಿಸಿದ್ದು ಕೋರ್ಟು

ಟಾಕೀಸಿನಲ್ಲಿ ಮುಖ್ಯ ಚಿತ್ರ ಶುರುವಾಗುವ ಮೊದಲು ಕಪ್ಪು-ಬಿಳುಪಿನ ರೀಲೊಂದು ಓಡುತ್ತಿದ್ದ ಕಾಲವಿತ್ತು. ಅಣೆಕಟ್ಟಿನ ಶಂಕುಸ್ಥಾಪನೆ, ಪ್ರವಾಹಪೀಡಿತ ಪ್ರದೇಶದ ವೈಮಾನಿಕ ಸಮೀಕ್ಷೆ, ಮಂತ್ರಿಗಳ ಭಾಷಣ, ಕೊನೆಗೆ ಒಂದಿಷ್ಟು ಕ್ರಿಕೆಟ್. ಅದು ಮುಗಿಯುವ ತನಕ ಅರ್ಧ ಪ್ರೇಕ್ಷಕರು ಹೊರಗೆ ಬೀಡಿ ಸೇದುತ್ತಲೋ ಕಡಲೆಕಾಯಿ ಕೊಳ್ಳುತ್ತಲೋ ಇರುತ್ತಿದ್ದರು. ಕೇಂದ್ರ ಸರ್ಕಾರ 1948ರಲ್ಲಿ ಸ್ಥಾಪಿಸಿದ ಫಿಲ್ಮ್ಸ್ ಡಿವಿಷನ್ ಈ ಚಿತ್ರಗಳನ್ನು ತಯಾರಿಸುತ್ತಿತ್ತು. ಚಿತ್ರಮಂದಿರಗಳು ಲೈಸೆನ್ಸಿನ ಷರತ್ತಿನಂತೆ ಅವನ್ನು ತೋರಿಸಲೇಬೇಕಿತ್ತು, ಬಾಡಿಗೆಯನ್ನೂ ಕಟ್ಟಬೇಕಿತ್ತು. ನೋಡುವವರು ಇರಲಿ ಬಿಡಲಿ, ಸರ್ಕಾರದ ಸಾಕ್ಷ್ಯಚಿತ್ರಕ್ಕೆ ಪರದೆಯ ಚಿಂತೆ ಇರಲಿಲ್ಲ.

ಆದರೆ ಸರ್ಕಾರದ ಹಣವಿಲ್ಲದೆ, ಸರ್ಕಾರ ಹೇಳದ ಸಂಗತಿಯನ್ನು ಹೇಳಲು ಹೊರಟವನ ಪಾಡೇನು? ಅವನಿಗೆ ಚಿತ್ರಮಂದಿರವಿಲ್ಲ, ಹಂಚಿಕೆದಾರನಿಲ್ಲ, ಟಿಕೆಟ್ಟಿನ ದುಡ್ಡಿಲ್ಲ. ಚಿತ್ರ ತೆಗೆಯುವುದು ಅವನ ಕೆಲಸದ ಅರ್ಧ ಭಾಗ ಮಾತ್ರ. ಅದನ್ನು ನಾಲ್ಕು ಜನರಿಗೆ ತೋರಿಸುವುದು ಉಳಿದರ್ಧ. ಎಷ್ಟೋ ವೇಳೆ ಆ ಉಳಿದರ್ಧಕ್ಕೆ ತಗಲುವ ವರ್ಷಗಳೇ ಹೆಚ್ಚು. ಈ ಮಾತಿಗೆ ನಮ್ಮ ದೇಶದಲ್ಲಿ ಆನಂದ್ ಪಟವರ್ಧನ್ ಅವರ ವೃತ್ತಿಜೀವನಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು. 1974ರಿಂದ ಇಂದಿನವರೆಗೆ ತಾವೇ ನಿರ್ಮಾಪಕ, ತಾವೇ ನಿರ್ದೇಶಕ, ಬಹುಪಾಲು ತಾವೇ ಛಾಯಾಗ್ರಾಹಕ ಮತ್ತು ಸಂಕಲನಕಾರರಾಗಿ ಅವರು ಮಾಡಿದ ಚಿತ್ರಗಳು ಎಷ್ಟು ಹೆಸರಾಗಿವೆಯೋ, ಆ ಚಿತ್ರಗಳ ಮೊಕದ್ದಮೆಗಳೂ ಅಷ್ಟೇ ಹೆಸರಾಗಿವೆ.

ಪಟ್ನಾದಿಂದ ಮಾಂಟ್ರಿಯಲ್‌ಗೆ

ಪಟವರ್ಧನ್ ಹುಟ್ಟಿದ್ದು 1950ರ ಫೆಬ್ರುವರಿ 18ರಂದು, ಮುಂಬೈಯಲ್ಲಿ. ಸ್ವಾತಂತ್ರ್ಯ ಹೋರಾಟದ ಮನೆತನ. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಭೂಗತರಾಗಿ ಕೆಲಸ ಮಾಡಿದ ಸಮಾಜವಾದಿ ನಾಯಕ ಅಚ್ಯುತ ಪಟವರ್ಧನ್ ಇವರ ದೊಡ್ಡಪ್ಪ. ತಾಯಿ ನಿರ್ಮಲಾ ಶಾಂತಿನಿಕೇತನದಲ್ಲಿ ಕಲಿತವರು, ಕುಂಬಾರಿಕೆಯ ಕಲೆಯಲ್ಲಿ ಹೆಸರಾದವರು. ಮುಂಬೈಯಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಮುಗಿಸಿದ ಆನಂದ್, ವಿದ್ಯಾರ್ಥಿವೇತನ ಪಡೆದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅದು ವಿಯಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ಕಾಲ. ಅವರೂ ಇಳಿದರು. ಸೀಸರ್ ಚಾವೆಜ್ ಕಟ್ಟಿದ ಹೊಲಗೂಲಿಗಳ ಸಂಘದಲ್ಲಿ ಸ್ವಯಂಸೇವಕರಾಗಿಯೂ ದುಡಿದರು. ಭಾರತಕ್ಕೆ ಮರಳಿದ ಮೇಲೆ ಮಧ್ಯಪ್ರದೇಶದ ‘ಕಿಶೋರ್ ಭಾರತಿ’ ಎಂಬ ಗ್ರಾಮೀಣ ಶಿಕ್ಷಣ ಯೋಜನೆಯಲ್ಲಿ ಕೆಲಸ ಮಾಡಿದರು.

ಇಷ್ಟರಲ್ಲಿ ಬಿಹಾರದಲ್ಲಿ ಜಯಪ್ರಕಾಶ ನಾರಾಯಣರ ಚಳವಳಿ ಭುಗಿಲೆದ್ದಿತ್ತು. 1974ರ ನವೆಂಬರ್ 4ರ ಪಟ್ನಾ ಮೆರವಣಿಗೆಯ ಹೊತ್ತಿಗೆ ಪಟವರ್ಧನ್ ಅಲ್ಲಿದ್ದರು. ಕೈಯಲ್ಲಿದ್ದದ್ದು ಮನೆಮಂದಿಯ ಮದುವೆ-ಮುಂಜಿ ತೆಗೆಯಲು ಬಳಸುತ್ತಿದ್ದ ಬಗೆಯ ಸೂಪರ್ 8 ಕ್ಯಾಮೆರಾ. ಹಾಗೆ ತೆಗೆದ ದೃಶ್ಯಗಳನ್ನು ಪರದೆಯ ಮೇಲೆ ಬಿಟ್ಟು, ಪರದೆಯನ್ನೇ ಮತ್ತೆ 16 ಎಂ.ಎಂ. ಕ್ಯಾಮೆರಾದಲ್ಲಿ ಸೆರೆಹಿಡಿದು ದೊಡ್ಡದು ಮಾಡಿಕೊಂಡರು. ಚಿತ್ರದ ಮೈಯೆಲ್ಲ ಮರಳು ಮರಳಾಗಿ ಕಾಣುವುದು ಇದರಿಂದ. ಅರ್ಧ ಗಂಟೆಯ ಆ ಚಿತ್ರದ ಹೆಸರು ‘ಕ್ರಾಂತಿ ಕೀ ತರಂಗೇಂ’.

ಚಿತ್ರ ಸಿದ್ಧವಾಯಿತು ಎನ್ನುವಷ್ಟರಲ್ಲಿ 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಜಾರಿಯಾಯಿತು. ಚಿತ್ರವನ್ನು ತೋರಿಸುವುದಿರಲಿ, ಇಟ್ಟುಕೊಳ್ಳುವುದೇ ಅಪಾಯವಾಯಿತು. ಪ್ರತಿಯನ್ನು ತುಂಡುಗಳಾಗಿ ಕತ್ತರಿಸಿ ಒಬ್ಬೊಬ್ಬ ಸ್ನೇಹಿತರ ಕೈಯಲ್ಲಿ ಒಂದೊಂದರಂತೆ ವಿದೇಶಕ್ಕೆ ಸಾಗಿಸಿದರು. ಪಟವರ್ಧನ್ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದಲು ಸೇರಿದ್ದರು. ಅಲ್ಲಿ ತುಂಡುಗಳನ್ನು ಕೂಡಿಸಿ, ಉತ್ತರ ಅಮೆರಿಕದ ಭಾರತೀಯರಿಗೆ ಚಿತ್ರ ತೋರಿಸಲಾಯಿತು. ಈ ಭೂಗತ ಚಿತ್ರದ ಕತೆಯೇ ಮುಂದೆ ಅವರ ಸ್ನಾತಕೋತ್ತರ ಪ್ರಬಂಧದ ವಸ್ತುವೂ ಆಯಿತು.

ತುರ್ತು ಪರಿಸ್ಥಿತಿ ತೆರವಾದ ಮೇಲೆ ರಾಜಕೀಯ ಕೈದಿಗಳ ಕುರಿತು ‘ಜಮೀರ್ ಕೇ ಬಂದಿ’ (1978) ಬಂತು. ಅದರಲ್ಲಿ ಅವರು ತುರ್ತು ಪರಿಸ್ಥಿತಿಯ ಕೈದಿಗಳನ್ನಷ್ಟೇ ಅಲ್ಲ, ಅದಕ್ಕೆ ಮುಂಚೆಯೂ ಅನಂತರವೂ ಜೈಲಿನಲ್ಲಿದ್ದವರನ್ನು ತೋರಿಸಿದರು. ಸರ್ಕಾರ ಬದಲಾದರೂ ಸೆರೆಮನೆ ಖಾಲಿಯಾಗಿಲ್ಲ ಎಂಬುದು ಅದರ ಇಂಗಿತ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತೀಯ ಮೂಲದ ಹೊಲಗೂಲಿಗಳು ಸಂಘ ಕಟ್ಟಿಕೊಂಡ ಬಗೆಯನ್ನು ಜಿಮ್ ಮನ್ರೊ ಅವರೊಡನೆ ‘ಎ ಟೈಮ್ ಟು ರೈಸ್’ (1981) ಚಿತ್ರದಲ್ಲಿ ದಾಖಲಿಸಿದರು.

ಒಬ್ಬ ಹೆಂಗಸಿನ ಪ್ರಶ್ನೆ

ಪಟವರ್ಧನ್ ಹೆಸರು ದೇಶದಲ್ಲೆಲ್ಲ ಕೇಳಿಬಂದದ್ದು 1985ರ ‘ಹಮಾರಾ ಶಹರ್’ ಚಿತ್ರದಿಂದ. ಮುಂಬೈಯ ಅರ್ಧದಷ್ಟು ಜನ ಕೊಳೆಗೇರಿಗಳಲ್ಲೂ ಫುಟ್‌ಪಾತ್‌ಗಳಲ್ಲೂ ಬದುಕುತ್ತಿದ್ದ ಕಾಲ. 1981ರಲ್ಲಿ ಸರ್ಕಾರ ಅವರ ಜೋಪಡಿಗಳನ್ನು ಕಿತ್ತುಹಾಕಿ ಊರಿಂದಾಚೆ ಕಳಿಸಲು ಹೊರಟಾಗ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಹೆಸರಿನಲ್ಲಿ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ನ್ಯಾಯಾಲಯ 1985ರ ಜುಲೈಯಲ್ಲಿ ಹೇಳಿತು. ಹಾಗೆಂದು ತೆರವು ನಿಲ್ಲಲಿಲ್ಲ. ಚಿತ್ರದಲ್ಲಿ ಒಂದು ಕಡೆ ಊರನ್ನು ಚೊಕ್ಕಟ ಮಾಡಬೇಕೆನ್ನುವ ಅಧಿಕಾರಿಗಳು ಹಾಗೂ ಶ್ರೀಮಂತರು, ಇನ್ನೊಂದು ಕಡೆ ಆ ಊರಿನ ಕಟ್ಟಡಗಳನ್ನೇ ಕಟ್ಟಿದ ಕೂಲಿಗಳು.

ಚಿತ್ರದ ನಡುವೆ ಬೀದಿಯಲ್ಲಿ ಬದುಕುವ ಹೆಂಗಸೊಬ್ಬಳು ನಿರ್ದೇಶಕರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬಡವರ ಚಿತ್ರ ತೆಗೆದು ನಿಮಗೆ ಹೆಸರು ಬರುತ್ತದೆ, ನಮಗೇನು ಬರುತ್ತದೆ ಎಂಬುದು ಅವಳ ಮಾತಿನ ತಿರುಳು. ಈ ಪ್ರಶ್ನೆಯನ್ನು ಸಂಕಲನದ ಮೇಜಿನ ಮೇಲೆ ಕತ್ತರಿಸಿ ಹಾಕುವುದು ಸುಲಭವಿತ್ತು. ಪಟವರ್ಧನ್ ಹಾಗೆ ಮಾಡಲಿಲ್ಲ. ಅವಳ ಸಿಟ್ಟು ಚಿತ್ರದಲ್ಲಿ ಹಾಗೆಯೇ ಉಳಿದಿದೆ. 1986ರಲ್ಲಿ ಸಂಜಯ್ ಗಾಂಧಿ ನಗರ ಎಂಬ ಕೊಳೆಗೇರಿಯನ್ನು ಕೆಡವಿದಾಗ, ನಿರಾಶ್ರಿತರೊಂದಿಗೆ ಉಪವಾಸ ಕುಳಿತವರಲ್ಲಿ ನಟಿ ಶಬಾನಾ ಆಜ್ಮಿಯವರ ಜೊತೆ ಪಟವರ್ಧನ್ ಕೂಡ ಇದ್ದರು. ಆ ನಿರಾಶ್ರಿತರಿಗೆ ಕೊನೆಗೆ ಗೋರೆಗಾಂವ್‌ನಲ್ಲಿ ಬದಲಿ ಜಾಗ ಸಿಕ್ಕಿತು.

ಈ ಚಿತ್ರಕ್ಕೆ ಕಥೇತರ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಕೊಟ್ಟದ್ದು ಕೇಂದ್ರ ಸರ್ಕಾರ. ಆದರೆ ಅದೇ ಕೇಂದ್ರ ಸರ್ಕಾರದ ದೂರದರ್ಶನ ಚಿತ್ರವನ್ನು ಪ್ರಸಾರ ಮಾಡಲು ಒಪ್ಪಲಿಲ್ಲ!

ಒಂದು ಕೈಯಲ್ಲಿ ಪದಕ, ಇನ್ನೊಂದರಲ್ಲಿ ಬೀಗ

ಈ ನಿರಾಕರಣೆಯ ತೂಕ ಇಂದಿನ ಓದುಗರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಆಗ ಖಾಸಗಿ ವಾಹಿನಿಗಳಿರಲಿಲ್ಲ, ಅಂತರ್ಜಾಲವಿರಲಿಲ್ಲ. ಟಿ.ವಿ. ಎಂದರೆ ದೂರದರ್ಶನ ಒಂದೇ. ಅದು ಬೇಡವೆಂದರೆ ಸಾಕ್ಷ್ಯಚಿತ್ರವೊಂದು ದೇಶದ ಕಣ್ಣಿಗೆ ಬೀಳುವ ದಾರಿಯೇ ಮುಚ್ಚಿದಂತೆ. ಉಳಿದದ್ದು ಪ್ರೊಜೆಕ್ಟರ್ ಹೊತ್ತುಕೊಂಡು ಕಾಲೇಜು, ಕಾರ್ಮಿಕ ಸಂಘ, ಕೊಳೆಗೇರಿ ಸುತ್ತುವುದು. ಪಟವರ್ಧನ್ ಅದನ್ನೂ ಮಾಡಿದರು, ನ್ಯಾಯಾಲಯಕ್ಕೂ ಹೋದರು. ಸುಮಾರು ನಾಲ್ಕು ವರ್ಷದ ವ್ಯಾಜ್ಯದ ನಂತರ ‘ಹಮಾರಾ ಶಹರ್’ ದೂರದರ್ಶನದಲ್ಲಿ ಪ್ರಸಾರವಾಯಿತು.

ಇಲ್ಲಿ ಕಾನೂನಿನ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ನಮ್ಮಲ್ಲಿ ಪತ್ರಿಕೆ ಅಥವಾ ಪುಸ್ತಕ ಅಚ್ಚಾಗುವ ಮೊದಲು ಯಾರ ಅಪ್ಪಣೆಯೂ ಬೇಕಿಲ್ಲ. ಚಲನಚಿತ್ರಕ್ಕೆ ಮಾತ್ರ ಮೊದಲೇ ಸರ್ಟಿಫಿಕೇಟ್ ಬೇಕು. ಈ ಭೇದವನ್ನು ಪ್ರಶ್ನಿಸಿದವರು ಕೆ.ಎ. ಅಬ್ಬಾಸ್. ನಾಲ್ಕು ನಗರಗಳ ಬಡತನ, ಸಿರಿವಂತಿಕೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದ ಅವರ ಕಿರು ಸಾಕ್ಷ್ಯಚಿತ್ರಕ್ಕೆ ಸೆನ್ಸಾರ್ ಅಡ್ಡಬಂದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ, ಚಲನಚಿತ್ರ ಮನಸ್ಸಿನ ಮೇಲೆ ಬೇರೆ ಮಾಧ್ಯಮಗಳಿಗಿಂತ ಆಳವಾದ ಪರಿಣಾಮ ಬೀರುವುದರಿಂದ ಪೂರ್ವಭಾವಿ ಸೆನ್ಸಾರ್ ಸಂವಿಧಾನಬದ್ಧ ಎಂದಿತು. ಅಲ್ಲಿಗೆ ಒಂದು ಬಾಗಿಲು ಮುಚ್ಚಿತು.

ಆದರೆ ಸೆನ್ಸಾರ್ ಮಂಡಳಿಯೇ ಸರ್ಟಿಫಿಕೇಟ್ ಕೊಟ್ಟ ಮೇಲೆ ದೂರದರ್ಶನ ಯಾವ ಕಾರಣಕ್ಕೆ ಚಿತ್ರವನ್ನು ನಿರಾಕರಿಸಬಹುದು? ಇದು ಬೇರೆಯೇ ಪ್ರಶ್ನೆ. ಭೋಪಾಲ್ ಅನಿಲ ದುರಂತ ಕುರಿತ ‘ಬಿಯಾಂಡ್ ಜಿನೋಸೈಡ್’ ಎಂಬ, ರಾಷ್ಟ್ರಪ್ರಶಸ್ತಿ ಪಡೆದ ಸಾಕ್ಷ್ಯಚಿತ್ರದ ವಿಚಾರದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ನನ್ನ ಚಿತ್ರವನ್ನು ತೋರಿಸಲೇಬೇಕು ಎಂದು ಯಾರೂ ಹಟ ಹಿಡಿಯುವಂತಿಲ್ಲ. ಆದರೆ ದೂರದರ್ಶನ ಸಾರ್ವಜನಿಕರ ಸ್ವತ್ತು. ಅದು ಬೇಡವೆನ್ನುವುದಾದರೆ ಸಂವಿಧಾನ ಒಪ್ಪುವ ಕಾರಣ ಕೊಡಬೇಕು, ಮನಸ್ಸಿಗೆ ತೋಚಿದಂತೆ ತಳ್ಳಿಹಾಕುವಂತಿಲ್ಲ. ಇದು ತೀರ್ಪಿನ ಸಾರಾಂಶ. ಪಟವರ್ಧನ್ ಅವರ ಮೊಕದ್ದಮೆಗಳೆಲ್ಲ ಈ ಎಳೆಯ ಮೇಲೆಯೇ ನಿಂತಿವೆ.

‘ರಾಮ್ ಕೇ ನಾಮ್’ ಮತ್ತು ಅನಂತರ

1990ರ ಸೆಪ್ಟೆಂಬರ್ 25ರಂದು ಸೋಮನಾಥದಿಂದ ಎಲ್.ಕೆ. ಅಡ್ವಾಣಿಯವರ ರಥಯಾತ್ರೆ ಹೊರಟಿತು. ಅಕ್ಟೋಬರ್ 23ರಂದು ಬಿಹಾರದಲ್ಲಿ ಅವರ ಬಂಧನವಾಯಿತು. 30ರಂದು ಅಯೋಧ್ಯೆಯಲ್ಲಿ ಕರಸೇವಕರು ಮಸೀದಿಯತ್ತ ನುಗ್ಗಿದರು. ಈ ದಿನಗಳನ್ನು ಬೆನ್ನುಹತ್ತಿ ಪಟವರ್ಧನ್ ತೆಗೆದ ಚಿತ್ರ ‘ರಾಮ್ ಕೇ ನಾಮ್’. ನಾಯಕರ ಭಾಷಣಗಳಿಗಿಂತ ಅದರಲ್ಲಿ ನೆನಪಿನಲ್ಲಿ ಉಳಿಯುವುದು ಹಳ್ಳಿಯ ಜನ, ದಾರಿಹೋಕರು, ಮುಖ್ಯವಾಗಿ ಪೂಜಾರಿ ಲಾಲ್‌ದಾಸ್. ವಿವಾದಿತ ಸ್ಥಳದ ರಾಮಲಲ್ಲಾನ ಪೂಜೆಗೆ ನ್ಯಾಯಾಲಯದಿಂದ ನೇಮಕಗೊಂಡಿದ್ದ ಈ ಅರ್ಚಕರು, ಆಂದೋಲನದ ಹಿಂದೆ ಇರುವುದು ಭಕ್ತಿಯಲ್ಲ, ಹಣ ಮತ್ತು ಅಧಿಕಾರ ಎಂದು ಕ್ಯಾಮೆರಾದ ಎದುರು ನಿರ್ಭಿಡೆಯಿಂದ ಹೇಳುತ್ತಾರೆ. 1993ರ ನವೆಂಬರಿನಲ್ಲಿ ಅವರ ಕೊಲೆಯಾಯಿತು.

ಚಿತ್ರ ಪೂರ್ಣಗೊಂಡದ್ದು 1991ರಲ್ಲಿ. ಮಸೀದಿ ಉರುಳಿದ್ದು 1992ರ ಡಿಸೆಂಬರ್ 6ರಂದು. ಈ ನಡುವಿನ ಅವಧಿಯಲ್ಲಿ ಚಿತ್ರಕ್ಕೆ ‘ಯು’ ಸರ್ಟಿಫಿಕೇಟ್ ಸಿಕ್ಕಿತ್ತು, ರಾಷ್ಟ್ರಪ್ರಶಸ್ತಿಯೂ ಘೋಷಣೆಯಾಗಿತ್ತು. ಜನ ಅದನ್ನು ನೋಡಬೇಕಾಗಿದ್ದ ಸಮಯವೆಂದರೆ ಅದೇ. ದೂರದರ್ಶನ ತೋರಿಸಲಿಲ್ಲ. ಬಾಂಬೆ ಹೈಕೋರ್ಟಿನ ಆದೇಶದ ಬಳಿಕ ಅದು ಪ್ರಸಾರವಾದದ್ದು 1997ರಲ್ಲಿ. ಸಾಕ್ಷ್ಯಚಿತ್ರಕ್ಕೂ ವೃತ್ತಪತ್ರಿಕೆಯಂತೆ ಒಂದು ತಾರೀಕು ಇರುತ್ತದೆ. ಹೊತ್ತು ಮೀರಿ ತೋರಿಸಿದ ಚಿತ್ರ ಇತಿಹಾಸದ ದಾಖಲೆಯಾಗಿ ಉಳಿಯಬಹುದು. ಆದರೆ ಯಾವ ಎಚ್ಚರಿಕೆ ಕೊಡಲು ಅದನ್ನು ತೆಗೆದರೋ ಆ ಕೆಲಸ ತಪ್ಪಿಹೋಗುತ್ತದೆ. ಇಂಥ ಮೊಕದ್ದಮೆಗಳಲ್ಲಿ ಗೆದ್ದವರೂ ಏನನ್ನು ಕಳೆದುಕೊಳ್ಳುತ್ತಾರೆ ಎಂಬುದು ಇಲ್ಲಿ ತಿಳಿಯುತ್ತದೆ.

ಇನ್ನೂ ಹೆಚ್ಚು ಎಳೆದದ್ದು 1994ರ ‘ಪಿತೃ, ಪುತ್ರ ಔರ್ ಧರ್ಮಯುದ್ಧ’. ಕೋಮುಗಲಭೆಗೂ ಗಂಡಸುತನದ ಹಮ್ಮಿಗೂ ಇರುವ ನಂಟನ್ನು ಹುಡುಕುವ ಎರಡು ಭಾಗಗಳ ಚಿತ್ರ ಇದು. ಮೊದಲ ಭಾಗಕ್ಕೆ ‘ಯು’, ಎರಡನೆಯದಕ್ಕೆ ‘ಎ’ ಸರ್ಟಿಫಿಕೇಟ್ ಸಿಕ್ಕಿದ್ದವು. ಎರಡು ರಾಷ್ಟ್ರಪ್ರಶಸ್ತಿಗಳೂ ಬಂದವು. ಗಲಭೆಯ ದೃಶ್ಯಗಳು ಜನರನ್ನು ಕೆರಳಿಸುತ್ತವೆ ಎಂಬುದು ದೂರದರ್ಶನದ ವಾದ. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕೋಟ್ಯಂತರ ಮನೆಗಳಿಗೆ ತಲುಪುವ ಮಾಧ್ಯಮಕ್ಕೆ ಒಂದಿಷ್ಟು ಅಂಜಿಕೆ ಇರುವುದು ಸಹಜ. ಸುಪ್ರೀಂ ಕೋರ್ಟ್ ಈ ವಾದವನ್ನು ಕೇಳಿ, 2006ರ ಆಗಸ್ಟ್ 25ರಂದು ತೀರ್ಪು ಕೊಟ್ಟಿತು: ಚಿತ್ರವೊಂದನ್ನು ಬಿಡಿ ದೃಶ್ಯಗಳಿಂದ ಅಳೆಯಬಾರದು, ಇಡಿಯಾಗಿ ನೋಡಬೇಕು. ಹೆದರುಪುಕ್ಕಲನ ಕಣ್ಣಿನಿಂದಲ್ಲ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯ ಕಣ್ಣಿನಿಂದ ನೋಡಬೇಕು. ಕೆಡುಕನ್ನು ಖಂಡಿಸಲು ತೋರಿಸುವುದೂ ಕೆಡುಕನ್ನು ಮೆರೆಸುವುದೂ ಒಂದೇ ಅಲ್ಲ. ಎಂಟು ವಾರಗಳೊಳಗೆ ಪ್ರಸಾರ ಮಾಡಬೇಕೆಂದು ಆದೇಶವಾಯಿತು. ಚಿತ್ರಕ್ಕೆ ಆಗ ಹನ್ನೆರಡು ವರ್ಷ!

ಕತ್ತರಿಯ ಲೆಕ್ಕ

1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಭಾರತ, ಅದರ ಬೆನ್ನಿಗೇ ಪಾಕಿಸ್ತಾನ ಅಣುಪರೀಕ್ಷೆ ನಡೆಸಿದವು. ಎರಡೂ ಕಡೆ ಪಟಾಕಿ ಹೊಡೆದು ಸಿಹಿ ಹಂಚಿದವರ ನಡುವೆ ಪಟವರ್ಧನ್ ಕ್ಯಾಮೆರಾ ಹಿಡಿದು ಹೊರಟರು. ಭಾರತ, ಪಾಕಿಸ್ತಾನ, ಜಪಾನ್, ಅಮೆರಿಕಗಳಲ್ಲಿ ಚಿತ್ರೀಕರಿಸಿ 2002ರಲ್ಲಿ ‘ಜಂಗ್ ಔರ್ ಅಮನ್’ ಮುಗಿಸಿದರು. ಈ ಸಲ ಅಡ್ಡಿ ಬಂದದ್ದು ದೂರದರ್ಶನದಿಂದಲ್ಲ, ಸೆನ್ಸಾರ್ ಮಂಡಳಿಯಿಂದಲೇ. ಮೊದಲ ಸಮಿತಿ ಆರು ಕಡೆ ಕತ್ತರಿ ಹಾಕಲು ಹೇಳಿತು. ಪುನರ್‌ಪರಿಶೀಲನೆಗೆ ಹೋದರೆ ಆರು ಇಪ್ಪತ್ತೊಂದಾಯಿತು! ಗಾಂಧೀಜಿಯ ಹತ್ಯೆಯ ಪ್ರಸ್ತಾಪ, ರಾಜಕೀಯ ನಾಯಕರ ಮಾತುಗಳು ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮೇಲ್ಮನವಿ ಪ್ರಾಧಿಕಾರದಲ್ಲಿ ಅದು ಎರಡಕ್ಕೆ ಇಳಿಯಿತು. ಎರಡಕ್ಕೂ ಒಪ್ಪದ ಪಟವರ್ಧನ್ ಬಾಂಬೆ ಹೈಕೋರ್ಟಿಗೆ ಹೋದರು. 2003ರ ಏಪ್ರಿಲಿನಲ್ಲಿ ಒಂದೂ ಕಡಿತವಿಲ್ಲದೆ ಪ್ರದರ್ಶನಕ್ಕೆ ಅನುಮತಿ ಸಿಕ್ಕಿತು. ಮರುವರ್ಷ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ!

ಇದೇ ಸುಮಾರಿಗೆ ಮುಂಬೈ ಅಂತರರಾಷ್ಟ್ರೀಯ ಉತ್ಸವಕ್ಕೆ ಬರುವ ಭಾರತೀಯ ಸಾಕ್ಷ್ಯಚಿತ್ರಗಳಿಗೆ ಸೆನ್ಸಾರ್ ಸರ್ಟಿಫಿಕೇಟ್ ಕಡ್ಡಾಯ ಮಾಡಲು ಸರ್ಕಾರ ಹೊರಟಿತ್ತು. ಇದನ್ನು ವಿರೋಧಿಸಿ ದೇಶದ ಸಾಕ್ಷ್ಯಚಿತ್ರ ನಿರ್ದೇಶಕರು ಒಟ್ಟಾದರು. 2004ರ ಫೆಬ್ರುವರಿಯಲ್ಲಿ, ಉತ್ಸವ ತಿರಸ್ಕರಿಸಿದ ಚಿತ್ರಗಳನ್ನೆಲ್ಲ ಸೇರಿಸಿ ‘ವಿಕಲ್ಪ’ ಎಂಬ ಪರ್ಯಾಯ ಉತ್ಸವ ನಡೆಸಿದರು. ಒಬ್ಬರು ನಡೆಸಿಕೊಂಡು ಬಂದಿದ್ದ ಜಗಳ ಹೀಗೆ ಹಲವರದಾಯಿತು.

ಹದಿನಾಲ್ಕು ವರ್ಷದ ಚಿತ್ರ

ಮೊಕದ್ದಮೆಗಳಿಂದಲೇ ಪಟವರ್ಧನ್ ದೊಡ್ಡವರಾದರು ಎಂದು ಭಾವಿಸಿದರೆ ಅದು ತಪ್ಪು. ‘ಹಮಾರಾ ಶಹರ್’ ಚಿತ್ರದಲ್ಲಿ ಹಾಡಿದ್ದ ವಿಲಾಸ್ ಘೋಗ್ರೆ ಎಂಬ ದಲಿತ ಕವಿ-ಗಾಯಕ ಅವರ ಗೆಳೆಯ. 1997ರ ಜುಲೈ 11ರಂದು ಘಾಟ್‌ಕೋಪರ್‌ನ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗೋಲಿಬಾರ್ ನಡೆಸಿದರು. ಹತ್ತು ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಘೋಗ್ರೆ ತಮ್ಮ ಗುಡಿಸಲಿನಲ್ಲಿ ನೇಣು ಹಾಕಿಕೊಂಡರು. ಅಲ್ಲಿಂದ ಶುರುವಾದ ಚಿತ್ರೀಕರಣ ಹದಿನಾಲ್ಕು ವರ್ಷ ನಡೆದು, 2011ರಲ್ಲಿ ಮೂರು ತಾಸಿಗೂ ಮೀರಿದ ‘ಜೈ ಭೀಮ್ ಕಾಮ್ರೇಡ್’ ಆಯಿತು. ಗೋಲಿಬಾರಿನ ಮೊಕದ್ದಮೆಯ ಜಾಡು ಒಂದು ಕಡೆ, ದಲಿತ ಕಲಾವಿದರ ಹಾಡಿನ ಪರಂಪರೆ ಇನ್ನೊಂದು ಕಡೆ. ಚಿತ್ರವನ್ನು ಅವರು ಮುಂಬೈಯ ಚಾಳುಗಳ ಅಂಗಳದಲ್ಲಿ, ದಲಿತ ಬಡಾವಣೆಗಳಲ್ಲಿ ಪರದೆ ಕಟ್ಟಿ ತೋರಿಸಿದರು.

ಇಷ್ಟು ವರ್ಷ ಹಿಡಿಯುವುದೇಕೆ? ತುರ್ತಾಗಿ ಮುಗಿಸಿಕೊಡಿ ಎನ್ನುವ ಹಣದ ಧಣಿ ಇಲ್ಲ ಎಂಬುದೊಂದು ಕಾರಣ. ಹಿಂದಿನ ಚಿತ್ರವನ್ನು ವಿದೇಶಿ ಟಿ.ವಿ. ವಾಹಿನಿಗಳಿಗೂ ವಿಶ್ವವಿದ್ಯಾಲಯಗಳಿಗೂ ಮಾರಿ ಬಂದ ಹಣದಲ್ಲಿ ಮುಂದಿನ ಚಿತ್ರ ಎಂಬುದು ಅವರ ಪದ್ಧತಿ. ಇದರಲ್ಲಿ ಬಡತನವೂ ಇದೆ, ಸ್ವಾತಂತ್ರ್ಯವೂ ಇದೆ. ಅವರ ಚಿತ್ರಗಳು ಒಂದೇ ಕಡೆಗೆ ವಾಲುತ್ತವೆ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಪಟವರ್ಧನ್ ತಟಸ್ಥರೆಂದು ಹೇಳಿಕೊಂಡವರೂ ಅಲ್ಲ. ಆದರೆ ಎದುರು ಪಕ್ಷದವರ ಮಾತನ್ನು ಅವರ ಬಾಯಿಂದಲೇ, ಅವರ ಮುಖವನ್ನೇ ತೋರಿಸಿ ಕೇಳಿಸುತ್ತಾರೆ ಎಂಬುದು ಚಿತ್ರ ನೋಡಿದವರಿಗೆಲ್ಲ ಗೊತ್ತು.

2018ರ ‘ವಿವೇಕ್’ ಕನ್ನಡಿಗರಿಗೆ ಹತ್ತಿರದ ಚಿತ್ರ. ನರೇಂದ್ರ ದಾಭೋಲ್ಕರ್ (2013), ಗೋವಿಂದ ಪಾನ್ಸರೆ (2015), ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ (2015), ಬೆಂಗಳೂರಿನಲ್ಲಿ ಗೌರಿ ಲಂಕೇಶ್ (2017) – ಈ ಸರಣಿ ಹತ್ಯೆಗಳೇ ನಾಲ್ಕು ತಾಸಿನ ಈ ಚಿತ್ರದ ಬೆನ್ನೆಲುಬು. ಆ್ಯಮ್‌ಸ್ಟರ್‌ಡ್ಯಾಂನ ಸಾಕ್ಷ್ಯಚಿತ್ರ ಉತ್ಸವದಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. 2019ರಲ್ಲಿ ಕೇರಳದ ಉತ್ಸವದಲ್ಲಿ ತೋರಿಸಲು ಕೇಂದ್ರ ಸರ್ಕಾರ ಸೆನ್ಸಾರ್ ವಿನಾಯಿತಿ ಕೊಡದಿದ್ದಾಗ ಕೇರಳ ಹೈಕೋರ್ಟ್ ಅನುಮತಿ ಕೊಟ್ಟಿತು. ಅಷ್ಟರಲ್ಲಿ ಪಟವರ್ಧನ್ ‘ಹಮಾರಾ ಶಹರ್’ಗೆ ಬಂದಿದ್ದ ರಾಷ್ಟ್ರಪ್ರಶಸ್ತಿಯನ್ನು, 2015ರ ಪ್ರಶಸ್ತಿ ವಾಪಸಿ ಸಮಯದಲ್ಲಿ, ಹಿಂದಿರುಗಿಸಿದ್ದರು. 2023ರ ‘ವಸುಧೈವ ಕುಟುಂಬಕಂ’ನಲ್ಲಿ ಮಾತ್ರ ಅವರು ಕ್ಯಾಮೆರಾವನ್ನು ತಮ್ಮ ತಂದೆತಾಯಿಯರ ಕಡೆಗೆ, ಮನೆಯವರ ಸ್ವಾತಂತ್ರ್ಯ ಹೋರಾಟದ ನೆನಪುಗಳ ಕಡೆಗೆ ತಿರುಗಿಸಿದ್ದಾರೆ.

ಉಳಿದಿರುವ ಪ್ರಶ್ನೆ

ಈಗ ಪರಿಸ್ಥಿತಿ ಬದಲಾಗಿದೆ. ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಹೋಯಿತು. ದೂರದರ್ಶನದ ಏಕಸ್ವಾಮ್ಯ ಎಂದೋ ಮುಗಿದಿದೆ. ‘ರಾಮ್ ಕೇ ನಾಮ್’ ಇಂದು ಯಾರ ಮೊಬೈಲಿನಲ್ಲಿ ಬೇಕಾದರೂ ಸಿಗುತ್ತದೆ. ಹಾಗಾದರೆ ಜಗಳ ಮುಗಿಯಿತೇ? ಇಲ್ಲ. ಇಂದು ಅಡ್ಡಿ ಎದುರಾಗುವುದು ನಾಲ್ಕು ಜನ ಸೇರಿ ಒಟ್ಟಿಗೆ ನೋಡುವಾಗ. 2019ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಈ ಚಿತ್ರದ ಪ್ರದರ್ಶನವನ್ನು ಪೊಲೀಸರು ತಡೆದರು. 2024ರ ಜನವರಿಯಲ್ಲಿ ಅದೇ ಊರಿನಲ್ಲಿ ಚಿತ್ರ ತೋರಿಸಿದವರ ಬಂಧನವೇ ಆಯಿತು. ಸೆನ್ಸಾರ್ ಮಂಡಳಿ ‘ಯು’ ಕೊಟ್ಟ, ರಾಷ್ಟ್ರಪ್ರಶಸ್ತಿ ಪಡೆದ, ದೂರದರ್ಶನದಲ್ಲೇ ಪ್ರಸಾರವಾದ ಚಿತ್ರ ಅದು ಎಂಬುದನ್ನು ಮರೆಯಬಾರದು. ಇತ್ತ ‘ಜಂಗ್ ಔರ್ ಅಮನ್’ಗೆ ಸಿಕ್ಕಿದ ಮೇಲ್ಮನವಿ ಪ್ರಾಧಿಕಾರವೂ ಈಗಿಲ್ಲ. 2021ರಲ್ಲಿ ಅದನ್ನು ರದ್ದು ಮಾಡಲಾಯಿತು. ಮಂಡಳಿಯ ಕತ್ತರಿಗೆ ಒಪ್ಪದವರು ನೇರವಾಗಿ ಹೈಕೋರ್ಟಿಗೆ ಹೋಗಬೇಕು. ವಕೀಲರ ಶುಲ್ಕ ಹೊಂದಿಸಲಾಗದ ಹೊಸ ನಿರ್ದೇಶಕನಿಗೆ ಇದು ಸಣ್ಣ ಮಾತಲ್ಲ.

ಅಂಥವನ ಕೈಗೆ ಪಟವರ್ಧನ್ ಕೊಟ್ಟಿರುವುದು ಚಿತ್ರಗಳನ್ನು ಮಾತ್ರವಲ್ಲ. ಇಡಿಯಾಗಿ ನೋಡಿ ತೀರ್ಮಾನಿಸಿ, ಕಾರಣ ಕೊಡದೆ ನಿರಾಕರಿಸಬೇಡಿ ಎಂಬ ನ್ಯಾಯಾಲಯದ ಮಾತುಗಳು ಈಗ ಕಾನೂನಿನ ಪುಸ್ತಕದಲ್ಲಿವೆ. ಅವು ಪಟವರ್ಧನ್ ಪರವಾಗಿ ಬಂದ ತೀರ್ಪುಗಳಾದರೂ ಅವರ ವಿಚಾರಗಳನ್ನು ಕಡುವಾಗಿ ವಿರೋಧಿಸುವವನೊಬ್ಬ ನಾಳೆ ಸಾಕ್ಷ್ಯಚಿತ್ರ ತೆಗೆದು, ಅದಕ್ಕೂ ಯಾರಾದರೂ ಬಾಗಿಲು ಹಾಕಿದರೆ, ಅವನು ನ್ಯಾಯಾಲಯದಲ್ಲಿ ಓದಿ ಹೇಳಬೇಕಾದ ತೀರ್ಪುಗಳೂ ಇವೇ.